‘ಒಂಥರಾ ಆಗ್ತಿದೆ’ ಅಂದರೆ ಏನು? ಈ ಪದ ಎಲ್ಲಿಂದ ಬಂತು?

ಚಿಂತಾಮಣಿ ನರ್ಸ್:
ನಮ್ಮ ವಾರ್ಡಿಗೆ ಬರುವ ಅಜ್ಜಿಯಂದಿರ ಬಾಯಲ್ಲಿ ದಿನಾ ಇದೇ ಮಾತು. ‘ಯಾಕೋ ಒಂಥರಾ ಆಗ್ತೈತಮ್ಮ.’ ನೋವಾ ಅಂದರೆ ಅಲ್ಲ. ತಲೆಸುತ್ತಾ ಅಂದರೆ ಅದೂ ಅಲ್ಲ. ಎದೆ ಮೇಲೆ ಅಂಗೈ ಇಟ್ಟು, ಹೊಟ್ಟೆವರೆಗೂ ಸವರಿ ‘ಇಲ್ಲೆಲ್ಲಾ ಒಂಥರಾ’ ಅಂತಾರೆ. ಕೇಸ್ ಶೀಟಲ್ಲಿ ಏನಂತ ಬರೆಯೋದು? ‘ಸುಸ್ತು’ ಅಂತ ಬರೆದರೆ ಅವರು ಹೇಳಿದ್ದು ಅದಲ್ಲ. ಇನ್ನು ‘ಅವನು ಒಂಥರಾ’ ಅಂದರೆ ವಿಚಿತ್ರ ಮನುಷ್ಯ. ‘ಪಿಕ್ಚರ್ ಒಂಥರಾ ಚೆನ್ನಾಗಿದೆ’ ಅಂದರೆ ಇನ್ನೇನೋ. ಒಂದೇ ಪದಕ್ಕೆ ಇಷ್ಟೆಲ್ಲಾ ಅರ್ಥ ಹೇಗೆ? ಬಲ್ಲವರು ಹೇಳಿ.

ಶಿರಾ ಮೇಷ್ಟ್ರು:
ಒಂದು + ತರಹ, ಅಷ್ಟೇ ಅಮ್ಮ. ‘ತರಹ’ದ ಮೂಲ ಅರಬ್ಬಿ. ಪಾರಸಿ ದಾಟಿ ನಮ್ಮ ಕಡೆ ಬಂದದ್ದು. ಅರ್ಜಿ, ತಕರಾರು, ವಸೂಲಿ ಎಲ್ಲಾ ಅದೇ ಬಳಗ. ನಮ್ಮ ಶಿರಾ 1687ರ ನಂತರ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಆಗಿತ್ತಲ್ಲ, ಪಾರಸಿ ನಮಗೆ ದೂರದ್ದೇನಲ್ಲ. ‘ತರಹೇವಾರಿ’ಯಲ್ಲಿ ಆ ‘ಹ’ ಇನ್ನೂ ಇದೆ. ‘ಒಂಥರಾ’ದಲ್ಲಿ ಅದು ಹಿಂದಕ್ಕೆ ಸರಿದು ‘ತ’ವನ್ನು ‘ಥ’ ಮಾಡಿದೆ. ‘ಬಹಳ’ ಹೋಗಿ ‘ಭಾಳ’ ಆಯ್ತಲ್ಲ, ಹಾಗೆ.

ವಿಚಿತ್ರ ಅನ್ನೋ ಅರ್ಥ ಬಂದದ್ದು ‘ಒಂದು’ ಇಂದ ಅಂತ ನನ್ನ ಅಭಿಪ್ರಾಯ. ‘ಒಂದೂರಲ್ಲಿ ಒಬ್ಬ ರಾಜ’ ಅಂದಾಗ ಯಾವ ಊರು ಅಂತ ಹೇಳೋದಿಲ್ಲ. ಇಲ್ಲೂ ಯಾವ ತರಹ ಅಂತ ಹೇಳೋದಿಲ್ಲ. ಗೊತ್ತಿರೋ ತರಹ ಆಗಿದ್ದರೆ ಹೆಸರು ಹೇಳುತ್ತಿದ್ದರು. ಅದಕ್ಕೇ ‘ಯಾಕೋ’, ‘ಏನೋ’ ಪಕ್ಕದಲ್ಲೇ ಇರುತ್ತವೆ. ಪಿಕ್ಚರ್ ವಿಷಯದಲ್ಲಿ ಮಾತ್ರ ‘ಒಂದು ರೀತಿಯಲ್ಲಿ’ ಅನ್ನೋ ನೇರ ಅರ್ಥ.

ಕೆಜಿಎಫ್ ತಮಿಳು ಮನೆ:
ನಮ್ಮಲ್ಲೂ ಹಾಗೇ ರೀ. ‘ಒರು ಮಾದಿರಿ ಇರುಕ್ಕು’ ಅಂದರೆ ಒಂಥರಾ ಇದೆ ಅಂತಲೇ. ಮುಳಬಾಗಿಲು ಕಡೆಯ ತೆಲುಗಿನವರು ‘ಅದೋ ರಕಂಗಾ ಉಂದಿ’ ಅಂತಾರೆ. ಆ ‘ರಕಂ’ ಕೂಡ ಅರಬ್ಬಿಯಿಂದ ಬಂದದ್ದೇ.

ಚಿಂತಾಮಣಿ ನರ್ಸ್:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹೆಸರು ಸಿಗದೇ ಇರೋದಕ್ಕೇ ಒಂಥರಾ ಅಂತಾರೆ ಅನ್ನೋದು ನಮ್ಮ ಕೆಲಸಕ್ಕೆ ದೊಡ್ಡ ಮಾತು. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಕೆಲವು ಸಲ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗುತ್ತೆ. ಬರೀ ಸಂಕಟ, ಬೆವರು, ಉಬ್ಬಸ. ಅವರು ಅದನ್ನ ಒಂಥರಾ ಅನ್ನದೆ ಇನ್ನೇನನ್ನಬೇಕು? ಗ್ಯಾಸ್ ಇರಬೇಕು ಬಿಡಿ ಅಂತ ಕಳಿಸಬಾರದು. ಇನ್ನು ಮೇಲೆ ಶೀಟಲ್ಲಿ ಅವರ ಮಾತನ್ನೇ ಹಾಗೇ ಬರೀತೀನಿ, ಪಕ್ಕದಲ್ಲಿ ಎಲ್ಲಿ, ಯಾವಾಗಿಂದ, ಬೆವರಿದೆಯಾ ಅಂತ ಕೇಳಿ ಸೇರಿಸ್ತೀನಿ. ನಿಮ್ಮ ಮನೇಲಿ ಯಾರಾದರೂ ದಿಢೀರಂತ ಒಂಥರಾ ಅಂದು ಬೆವರಿದರೆ ಕಾಯಬೇಡಿ, ಕರ್ಕೊಂಡು ಬಂದು ಇಸಿಜಿ ಮಾಡಿಸಿ.