‘ಮನರಂಜನೆ’, ‘ವಿಹಾರ’, ‘ಆಟ’: ಸ್ಮರಣಫಲಕದ ಒಂದು ಸಾಲಿನ ಬಗ್ಗೆ

ಮಾನ್ಯರೇ,

ಉಡುಪಿಯ ನಮ್ಮ ಬಡಾವಣೆಯ ಮೈದಾನವನ್ನು ಯೌವನದಿಂದ ಮುಪ್ಪಿನವರೆಗೆ ನೋಡಿಕೊಂಡ ಹಿರಿಯರೊಬ್ಬರು ಈಚೆಗೆ ತೀರಿಕೊಂಡರು. ಅವರ ನೆನಪಿಗೆ ಮೈದಾನದ ಅಂಚಿನಲ್ಲಿ ಒಂದು ಕಲ್ಲಿನ ಫಲಕ ನಿಲ್ಲಿಸಲು ಯುವಕ ಮಂಡಲದವರು ನಿಶ್ಚಯಿಸಿ, ಬರಹವನ್ನು ತಿದ್ದಿಕೊಡುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ಕರಡಿನಲ್ಲಿರುವುದು ‘ಸಾರ್ವಜನಿಕ ಮನರಂಜನಾ ಕ್ಷೇತ್ರದಲ್ಲಿ ಸುದೀರ್ಘ ಸೇವೆ ಸಲ್ಲಿಸಿದ ಸಮಾಜಸೇವಕರು’ ಎಂಬ ಸಾಲು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಅವರನ್ನು ಬಲ್ಲವರಿಗೆ ಈ ಸಾಲಿನಲ್ಲಿ ಅವರು ಸಿಗುವುದಿಲ್ಲ. ಆದ್ದರಿಂದ ಬಳಗದವರ ಅಭಿಪ್ರಾಯ ಕೇಳುತ್ತಿದ್ದೇನೆ.

ಅವರು ಮಾಡಿದ್ದೇನೆಂದು ಹೇಳದೆ ಪದದ ಚರ್ಚೆ ಮುಂದುವರಿಯದು. ಮಳೆಗಾಲ ಕಳೆದು ನೆಲ ಗಟ್ಟಿಯಾಗುತ್ತಿದ್ದಂತೆ ಆಳೆತ್ತರದ ಹುಲ್ಲು ಕಡಿಸಿ, ಹಗ್ಗ ಹಿಡಿದು ಕಬಡ್ಡಿ, ವಾಲಿಬಾಲ್ ಅಂಕಣಗಳಿಗೆ ಸುಣ್ಣದ ಗೆರೆ ಹಾಕುತ್ತಿದ್ದರು. ಹುಡುಗಿಯರಿಗೆಂದು ಸಂಜೆಯ ಹೊತ್ತು ಬೇರೆಯಾಗಿಟ್ಟು ಥ್ರೋಬಾಲ್ ಬಲೆ ಕಟ್ಟಿಸಿದವರೂ ಅವರೇ. ಬೇಸಗೆ ರಜೆಯಲ್ಲಿ ಕೆರೆಯಲ್ಲಿ ಈಜು ಕಲಿಸುವಾಗ, ಎರಡು ಒಣ ತೆಂಗಿನಕಾಯಿಗಳ ಸಿಪ್ಪೆಯನ್ನು ಅರ್ಧ ಎಬ್ಬಿಸಿ, ಆ ಸಿಪ್ಪೆಗಳನ್ನೇ ಒಂದಕ್ಕೊಂದು ಗಂಟುಹಾಕಿ ಮಗುವಿನ ಎದೆಯಡಿಗೆ ಕೊಡುತ್ತಿದ್ದರು. ಮಗು ಕಾಯಿ ಬಿಟ್ಟು ಕೈ ಬೀಸುವ ತನಕ ತಾವೂ ಎದೆಮಟ್ಟದ ನೀರಿನಲ್ಲೇ ನಿಂತಿರುತ್ತಿದ್ದರು. ಯಾರದಾದರೂ ಮನೆಯಲ್ಲಿ ಸಾವು, ಕಾಯಿಲೆ ಎಂದರೆ ಮೈದಾನದ ಹುಡುಗರನ್ನು ಕರೆದುಕೊಂಡು ಮೊದಲು ಹೋಗುತ್ತಿದ್ದವರೂ ಅವರೇ.

ಇದನ್ನು ‘ಮನರಂಜನೆ’ ಎನ್ನಬಹುದೇ? ಸಂಸ್ಕೃತದ ಸಂಧಿಯಂತೆ ‘ಮನೋರಂಜನೆ’ ಆಗಬೇಕಾದದ್ದು ‘ಮನರಂಜನೆ’ಯಾಗಿಯೇ ಕನ್ನಡದಲ್ಲಿ ನೆಲೆಗೊಂಡಿದೆ, ಅದಕ್ಕೆ ನನ್ನ ಆಕ್ಷೇಪವಿಲ್ಲ. ‘ರಂಜ್’ ಧಾತುವಿಗೆ ಬಣ್ಣವೇರು ಎಂಬ ಅರ್ಥವಿದ್ದು, ಮನಸ್ಸಿಗೆ ಬಣ್ಣವೇರಿಸುವುದು ಒಳ್ಳೆಯ ಕಲ್ಪನೆಯೇ ಸರಿ. ಆದರೆ ಸಿನಿಮಾ ಟಿಕೇಟಿನ ಮೇಲೆ 1958ರ ಕಾಯಿದೆಯಿಂದ 2017ರಲ್ಲಿ ಜಿ.ಎಸ್.ಟಿ. ಬರುವವರೆಗೂ ‘ಮನರಂಜನಾ ತೆರಿಗೆ’ ಕೊಟ್ಟ ನಮಗೆ ಆ ಪದ ಕೇಳಿದೊಡನೆ ತೋರುವುದು ಪರದೆ, ವೇದಿಕೆ, ಎದುರಿಗೆ ಕುಳಿತ ಪ್ರೇಕ್ಷಕರು. ಅಲ್ಲಿ ರಂಜಿಸುವವರೇ ಬೇರೆ, ನೋಡುವವರೇ ಬೇರೆ. ಈ ಹಿರಿಯರು ಯಾರನ್ನೂ ಸುಮ್ಮನೆ ಕೂತು ನೋಡಲು ಬಿಟ್ಟವರಲ್ಲ.

‘ವಿಹಾರ’ ಘನತೆಯ ಪದ. ಗೀತೆಯ ‘ಯುಕ್ತಾಹಾರವಿಹಾರಸ್ಯ’ ಎಂಬಲ್ಲಿ ಅದು ಆಹಾರಕ್ಕೆ ಸಮನಾಗಿ ನಿಂತಿದೆ. ಮಂಗಳೂರಿನ ಕದ್ರಿಯಲ್ಲಿರುವ ಕ್ರಿ.ಶ. 968ರ ಲೋಕೇಶ್ವರ ವಿಗ್ರಹದ ಪೀಠದ ಶಾಸನದಲ್ಲಿ, ಆಳುಪ ಅರಸ ಕುಂದವರ್ಮ ಅದನ್ನು ಪ್ರತಿಷ್ಠಾಪಿಸಿದ ಜಾಗಕ್ಕೂ ‘ವಿಹಾರ’ ಎಂಬ ಹೆಸರೇ ಇದೆ. ಆದರೆ ಇವತ್ತು ವಾಯುವಿಹಾರ, ದೋಣಿವಿಹಾರಗಳಲ್ಲಿ ಉಳಿದಿರುವ ಅರ್ಥ ಬಿಡುವಿನ ಅಡ್ಡಾಟ ಮಾತ್ರ. ಮೊಣಕಾಲು ತರಚಿಕೊಂಡು ಕಬಡ್ಡಿ ಕಲಿತ ಮಕ್ಕಳನ್ನು ಆ ಪದದೊಳಗೆ ತರಲು ಮನಸ್ಸು ಒಪ್ಪುವುದಿಲ್ಲ.

ಉಳಿದದ್ದು ‘ಆಟ’. ತೊಡಕು ಇರುವುದು ಇಲ್ಲಿಯೇ, ಅದೂ ನಮ್ಮ ಕರಾವಳಿಯವರಿಗೆ ಮಾತ್ರ. ಇಲ್ಲಿ ‘ಇವತ್ತು ಆಟ ಉಂಟು’ ಎಂದರೆ ಯಕ್ಷಗಾನ ಉಂಟೆಂದೇ ಅರ್ಥ. ‘ಆಟ ಆಡಿಸಿದರು’ ಎಂದರೆ ಹರಕೆ ಹೊತ್ತು ಯಕ್ಷಗಾನದ ತಂಡವಾದ ಮೇಳವನ್ನು ಕರೆಸಿ, ವೀಳ್ಯ ಕೊಟ್ಟು ಬಯಲಾಟ ಮಾಡಿಸಿದರೆಂದಾಗುತ್ತದೆ. ‘ಸೇವೆಯಾಟ’ ಎಂಬ ಪದವೂ ಅಲ್ಲಿಯದೇ. ಹಾಗಾಗಿ ಫಲಕದಲ್ಲಿ ‘ಆಟ’ ಮತ್ತು ‘ಸೇವೆ’ ಅಕ್ಕಪಕ್ಕ ಬಂದರೆ, ಇವರನ್ನು ಅರಿಯದ ಪಕ್ಕದ ಊರಿನವರು ಇವರನ್ನು ಹರಕೆಯ ಆಟ ಆಡಿಸುತ್ತಿದ್ದ ಸೇವಾಕರ್ತರೆಂದೇ ತಿಳಿದಾರು. ತುಳುವಿನಲ್ಲಿ ಈ ಕಷ್ಟವಿಲ್ಲ: ಯಕ್ಷಗಾನ ‘ಆಟ’, ಮಕ್ಕಳದು ‘ಗೊಬ್ಬು’. ನುಡಿನಮನದ ದಿನ ನೆರೆಮನೆಯ ಅಜ್ಜಿಯೊಬ್ಬರು ‘ಜೋಕುಲೆನ್ ಗೊಬ್ಬಾಯಿನಾರ್’ ಎಂದು, ಅಂದರೆ ಮಕ್ಕಳನ್ನು ಆಡಿಸಿದವರು ಎಂದು, ಎರಡೇ ಪದಗಳಲ್ಲಿ ಹೇಳಿದರು. ಆ ದಿನದ ಭಾಷಣಗಳಲ್ಲೆಲ್ಲ ಅಷ್ಟು ನಿಖರವಾದ ಮಾತು ಇನ್ನೊಂದಿರಲಿಲ್ಲ.

ಹಳಗನ್ನಡದ ‘ಆಡುಂಬೊಲ’ವನ್ನೂ ಯೋಚಿಸಿದೆ. ಆಡುವ ಹೊಲವೆಂಬ ಅರ್ಥ ಮೈದಾನಕ್ಕೆ ಎಷ್ಟು ಒಪ್ಪುತ್ತದೆ! ಆದರೆ ಪತ್ರಿಕೆಗಳು ಅದನ್ನು ‘ಭ್ರಷ್ಟರ ಆಡುಂಬೊಲ’, ‘ಪುಂಡರ ಆಡುಂಬೊಲ’ ಎಂದು ಬಳಸಿ ಬಳಸಿ ಅದರ ಹೆಸರು ಕೆಡಿಸಿವೆ. ‘ಗರಡಿ’ಗೆ ವ್ಯಾಯಾಮಶಾಲೆಯೆಂಬ ಅರ್ಥವಿದ್ದರೂ ನಮ್ಮಲ್ಲಿ ಅದು ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಆರಾಧನೆಯ ತಾಣ, ಅದನ್ನು ಮುಟ್ಟುವಂತಿಲ್ಲ.

‘ಸಮಾಜಸೇವಕ’ ಪದವನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಚುನಾವಣೆಯ ಬ್ಯಾನರುಗಳಲ್ಲಿ ಎಲ್ಲರಿಗೂ ಅಂಟಿಸುವ ಆ ವಿಶೇಷಣ ಯಾರ ಬಗ್ಗೆಯೂ ಏನನ್ನೂ ಹೇಳದಂತಾಗಿದೆ. ಕುದ್ಮುಲ್ ರಂಗರಾಯರ ಪರಿಚಯವನ್ನು ನಾವು 1897ರಲ್ಲಿ ಅವರು ಮಂಗಳೂರಿನಲ್ಲಿ ಆರಂಭಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನಿಂದ, ಅಲ್ಲಿ ದಲಿತ ಮಕ್ಕಳಿಗೆ ತೆರೆದ ಶಾಲೆಗಳಿಂದ ಮಾಡಿಕೊಡುತ್ತೇವೆ. ಕೆಲಸದ ಹೆಸರು ಹೇಳಿದ ಮೇಲೆ ಬಿರುದಿನ ಅಗತ್ಯ ಬೀಳುವುದಿಲ್ಲ. ಇಲ್ಲಿಯೂ ಹಾಗೆಯೇ ಆಗಬೇಕೆಂದು ನನ್ನ ಆಸೆ.

ನಾನು ಬರೆದುಕೊಂಡಿರುವ ಸಾಲು ಇದು: ‘ಈ ಮೈದಾನವನ್ನು ಕಾಪಾಡಿದವರು, ಊರಿನ ಮಕ್ಕಳನ್ನು ಆಡಿಸಿದವರು, ಈಜು ಕಲಿಸಿದವರು.’ ಇದರಲ್ಲಿ ‘ಆಡಿಸಿದವರು’ ಎಂಬ ಒಂದು ಪದದ ಬಗ್ಗೆ ಸಂದೇಹ ಉಳಿದಿದೆ. ತೊಟ್ಟಿಲ ಮಗುವನ್ನು ಆಡಿಸುವುದಕ್ಕೂ, ತನ್ನ ಇಚ್ಛೆಯಂತೆ ಇತರರನ್ನು ಕುಣಿಸುವುದಕ್ಕೂ ಅದೇ ಕ್ರಿಯಾಪದವಿದೆ. ಧಾರವಾಡ, ಕಲಬುರಗಿ, ಮೈಸೂರು ಕಡೆಯವರಿಗೆ ‘ಮಕ್ಕಳನ್ನು ಆಡಿಸಿದವರು’ ಎಂದು ಓದಿದಾಗ ಮೊದಲು ತೋರುವ ಅರ್ಥ ಯಾವುದು? ‘ಆಟ ಕಲಿಸಿದವರು’ ಎಂದು ಬದಲಿಸಿದರೆ ಸಂದೇಹ ಹೋದೀತು; ಆದರೆ ನಮ್ಮ ಕಡೆ ಅದು ಮತ್ತೆ ಯಕ್ಷಗಾನದ ಗುರುಗಳನ್ನು ನೆನಪಿಸುತ್ತದೆ. ನಿಮ್ಮ ಊರಿನ ಬಳಕೆಯ ಉದಾಹರಣೆಯೊಂದಿಗೆ ತಿಳಿಸಿದರೆ, ಕಲ್ಲು ಕೆತ್ತುವವರಿಗೆ ಬರಹ ಕೊಡುವ ಮೊದಲು ಸರಿಪಡಿಸಿಕೊಳ್ಳುತ್ತೇನೆ.