ಅಪ್‌ಡೇಟ್: ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಬೂಸ್ಟರ್ ಬದಲಾವಣೆ

ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ, ಒತ್ತಿದಾಗ ಬುಸುಗುಡುವ ಸದ್ದು ಬರುತ್ತದೆ, ಎಂಜಿನ್‌ನ ಐಡ್ಲಿಂಗ್ ಕೂಡ ಏರುಪೇರಾಗುತ್ತದೆ ಎಂದು ನಾನು ಈ ಹಿಂದೆ ಕೇಳಿದ್ದೆ. ಮೊದಲು ಬೂಸ್ಟರಿಗೆ (ಎಂಜಿನ್‌ನ ನಿರ್ವಾತದ ಬಲದಿಂದ ಪೆಡಲ್ ಒತ್ತುವುದನ್ನು ಹಗುರಗೊಳಿಸುವ ಭಾಗ) ಸೇರುವ ವ್ಯಾಕ್ಯೂಮ್ ಹೋಸ್ (ನಿರ್ವಾತದ ಕೊಳವೆ) ಮತ್ತು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ನೋಡಿ ಎಂದು ಹಲವರು ಸೂಚಿಸಿದ್ದಿರಿ. ಅವೆರಡೂ ಸರಿಯಾಗಿಯೇ ಇದ್ದವು.

ಬೂಸ್ಟರನ್ನು ಬಿಚ್ಚಿದಾಗ ಅದರೊಳಗೆ ಬ್ರೇಕ್ ಆಯಿಲ್ ನಿಂತಿತ್ತು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂಭಾಗದ ಸೀಲ್ ಸೋರಿ, ಹೊರಗೆ ಒಂದು ಹನಿಯೂ ಕಾಣದಂತೆ ಒಳಗೇ ಸೇರಿದ ಆಯಿಲ್, ಬೂಸ್ಟರಿನ ರಬ್ಬರ್ ಡಯಾಫ್ರಮನ್ನು (ಒಳಪರದೆಯನ್ನು) ಹಾಳುಮಾಡಿತ್ತು. ಬೂಸ್ಟರನ್ನಷ್ಟೇ ಬದಲಿಸಿದ್ದರೆ ಹೊಸದಕ್ಕೂ ಅದೇ ಗತಿಯಾಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಎರಡನ್ನೂ ಬದಲಿಸಿದೆ.

ಆದರೆ ಮೊದಲ ಓಡಾಟದಲ್ಲೇ ಬ್ರೇಕುಗಳು ಹಿಡಿದುಕೊಳ್ಳತೊಡಗಿ, ಮುಂದಿನ ಚಕ್ರಗಳು ಮುಟ್ಟಲಾಗದಷ್ಟು ಬಿಸಿಯಾದವು. ಹೊಸ ಬೂಸ್ಟರಿನ ಪುಶ್‌ರಾಡ್ (ಮಾಸ್ಟರ್ ಸಿಲಿಂಡರನ್ನು ಒತ್ತುವ ಸರಳು) ತುಸು ಉದ್ದವಾಗಿದ್ದುದರಿಂದ, ಪೆಡಲ್ ಬಿಟ್ಟ ಮೇಲೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಸರಿಯದೆ, ಆಯಿಲ್ ಟ್ಯಾಂಕಿಗೆ ಮರಳುವ ರಂಧ್ರ ಮುಚ್ಚಿಯೇ ಇದ್ದು, ಬ್ರೇಕುಗಳ ಮೇಲೆ ಒತ್ತಡ ಉಳಿಯುತ್ತಿತ್ತು. ನಿಜವಾಗಿ ಹೆಚ್ಚು ಸಮಯ ತೆಗೆದುಕೊಂಡದ್ದು ಈ ರಾಡಿನ ಉದ್ದದ ಹೊಂದಾಣಿಕೆಯೇ. ರಾಡನ್ನು ಪಿಸ್ಟನ್ನಿಗೆ ತಾಗದಂತೆ ಕೂದಲೆಳೆಯಷ್ಟು ಅಂತರಕ್ಕೆ ತಂದೆ. ಅಂತರ ಹೆಚ್ಚಾದರೆ ಪೆಡಲಿನ ಆರಂಭದ ಚಲನೆ ವ್ಯರ್ಥವಾಗುತ್ತದೆ. ಬಳಿಕ ಬ್ರೇಕ್ ಪೈಪುಗಳಿಂದ ಗಾಳಿ ತೆಗೆದದ್ದು ಸುಲಭವಾಗಿಯೇ ಮುಗಿಯಿತು.

ಈಗ ಎಂಜಿನ್ ನಿಲ್ಲಿಸಿ, ಪೆಡಲನ್ನು ಕೆಲವು ಬಾರಿ ತುಳಿದು ಉಳಿದ ನಿರ್ವಾತವನ್ನು ಖಾಲಿ ಮಾಡಿ, ಅದನ್ನು ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿದರೆ, ಪೆಡಲ್ ಪಾದದಡಿಯಲ್ಲಿ ಸ್ವಲ್ಪ ಕೆಳಗಿಳಿಯುತ್ತದೆ; ಅಂದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಬುಸುಗುಡುವ ಸದ್ದೂ ನಿಂತಿದೆ.