ಪದಚರ್ಚೆ: ‘ನೀರೊಳಗಿರ್ದುಂ ಬೆಮರ್ತನ್’ – ವಿರೋಧಾಭಾಸವೋ, ವಿಭಾವನೆಯೋ?

ಬಳಗದವರಿಗೆ ಕೊಪ್ಪಳದಿಂದ ನಮಸ್ಕಾರ.

ಅಲಂಕಾರ ಗುರುತಿಸಿ ಎಂದು ಮಕ್ಕಳಿಗೆ ರನ್ನನ ಗದಾಯುದ್ಧದ ಈ ಕಂದ ಕೊಟ್ಟಿದ್ದೆ:

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ದಂಡೆಯಿಂದ ಭೀಮನ ಅಬ್ಬರ ಕೇಳಿಸುತ್ತದೆ. ಸಿಂಹದ ಗರ್ಜನೆಯನ್ನು ಗೆದ್ದ, ಮೋಡದ ಗುಡುಗನ್ನು ಹಿಂದಿಕ್ಕಿದ ದನಿ ಅದು. ಕೇಳಿ ಸಿಟ್ಟಿನಿಂದ ಕಣ್ಣು ಕೆಂಪಾಗಿ, ಹಾವಿನ ಬಾವುಟದ ಅರಸ ನೀರೊಳಗಿದ್ದೂ ಬೆವರಿದ.

ಮೊದಲು ಪಾಠದ ಮಾತು. ಬಾಯಿಪಾಠದಲ್ಲಿ ಎಷ್ಟೋ ಸಲ ‘ಕಂಠೀರವಮಂ’ ಎಂದು ಒಂದು ‘ರವ’ ಬಿದ್ದುಹೋಗುತ್ತದೆ. ಕಂದದ ಎರಡನೆಯ ಸಾಲಿಗೆ 20 ಮಾತ್ರೆ ಬೇಕು. ಹಾಗೆ ಹೇಳಿದರೆ 18ಕ್ಕೇ ನಿಲ್ಲುತ್ತದೆ. ಅರ್ಥವೂ ಜಾರುತ್ತದೆ. ಆ ದನಿ ಗೆದ್ದದ್ದು ಸಿಂಹವನ್ನಲ್ಲ, ಸಿಂಹದ ದನಿಯನ್ನು. ‘ಕಂಠೀರವ’ ಇಡಿಯಾಗಿ ಸಿಂಹಕ್ಕೆ ರೂಢಿಯಾದ ಹೆಸರು, ಅದರ ಬೆನ್ನಿಗೇ ‘ರವ’ ಎಂದರೆ ದನಿ. ಅದೇ ಅಕ್ಷರ, ಬೇರೆ ಕೆಲಸ: ಇದನ್ನು ಯಮಕ ಎನ್ನಬೇಕು, ಅನುಪ್ರಾಸ ಎಂದು ಬಿಟ್ಟರೆ ಅರ್ಧ ಉತ್ತರವಾದೀತು. ಆರ, ಠೀರ, ಪಾರು, ನೀರೊ ಎಂಬ ದ್ವಿತೀಯಾಕ್ಷರ ಪ್ರಾಸ ಕಂದದ ಕಟ್ಟುಪಾಡು. ಅದನ್ನು ಉತ್ತರದಲ್ಲಿ ಬರೆಯಬೇಕಾಗಿಲ್ಲ.

ಈಗ ಕೊನೆಯ ಸಾಲು. ಮಕ್ಕಳಲ್ಲಿ ಹೆಚ್ಚಿನವರು ವಿರೋಧಾಭಾಸ ಎಂದು ಬರೆದರು. ನೀರಿನಲ್ಲಿರುವುದು, ಬೆವರುವುದು, ಒಂದಕ್ಕೊಂದು ಆಗಿಬರುವುದಿಲ್ಲ, ಸರಿ. ಆದರೆ ವಿರೋಧಾಭಾಸದಲ್ಲಿ ಪದಕ್ಕೆ ಇನ್ನೊಂದು ಅರ್ಥ ಹಚ್ಚಿದ ಕೂಡಲೇ ವಿರೋಧ ಕರಗಬೇಕು, ಬಹಳ ಸಲ ಶ್ಲೇಷೆಯೇ ಆ ಕೆಲಸ ಮಾಡುತ್ತದೆ. ಇಲ್ಲಿ ನೀರು ನೀರೇ, ಬೆವರು ಬೆವರೇ. ಬೆವರು ಬಾರದಂತೆ ತಡೆಯಬೇಕಾದ ನೀರು ಸುತ್ತ ಇದ್ದರೂ ಬೆವರು ಬಂತು. ಕಾರಣ ಇಲ್ಲದೆಯೂ ಕಾರ್ಯ ಆಯಿತು ಎಂದು ಹೇಳುವುದು ವಿಭಾವನೆ. ಅಪ್ಪಯ್ಯ ದೀಕ್ಷಿತ ಕುವಲಯಾನಂದ ಎಂಬ ಅಲಂಕಾರಗ್ರಂಥದಲ್ಲಿ ಅದನ್ನು 6 ಬಗೆ ಮಾಡುತ್ತಾನೆ; ತಡೆ ಇದ್ದರೂ ಕಾರ್ಯ ನಡೆಯುವುದು 3ನೆಯದು. ನನಗೆ ಇದು ಅದೇ ಅನ್ನಿಸುತ್ತದೆ. ‘ಇರ್ದುಂ’ ಎಂಬಲ್ಲಿಯ ‘ಉಂ’ ಪ್ರತ್ಯಯದ ಮೇಲೇ ಅಲಂಕಾರ ನಿಂತಿದೆ. ‘ಇರ್ದು’ ಎಂದಷ್ಟೇ ಇದ್ದರೆ ಬರೀ ವರದಿ.

ಬೆವರಿಗೆ ಕಾರಣ ‘ಕೋಪಾರುಣನೇತ್ರಂ’ ಎಂಬಲ್ಲೇ ಇದೆಯಲ್ಲ, ಕಾರಣ ಹೇಳಿದ ಮೇಲೆ ವಿಭಾವನೆ ಹೇಗೆ ಎಂದು ಯಾರಾದರೂ ಕೇಳಬಹುದು. ಸಾಹಿತ್ಯದರ್ಪಣ ಎಂಬ ಅಲಂಕಾರಗ್ರಂಥ ಉಕ್ತನಿಮಿತ್ತ (ನಿಮಿತ್ತ ಹೇಳಿದ್ದು), ಅನುಕ್ತನಿಮಿತ್ತ (ಹೇಳದ್ದು) ಎಂಬ ಎರಡನ್ನೂ ಒಪ್ಪುತ್ತದೆ, ಹಾಗಾಗಿ ಅಡ್ಡಿಯಿಲ್ಲ. ಆ ಬೆವರು ಬರೀ ಸಿಟ್ಟಿನದೇ, ಅಂಜಿಕೆಯೂ ಸೇರಿದೆಯೇ ಎಂಬುದನ್ನು ರನ್ನ ಬಿಡಿಸಿ ಹೇಳುವುದಿಲ್ಲ. ಪದ್ಯದ ಜೀವ ಅಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ, ನೀರಾಗ ಕುಂತಾಂವ ಬೆವತದ್ದು ದಂಡಿ ಮ್ಯಾಲಿನವ್ರಿಗೆ ಹೆಂಗ ಕಾಣ್ತೈತ್ರಿ?”

ಕಾಣುವುದಿಲ್ಲ. ಭೀಮನಿಗೆ ಗೊತ್ತಾಗದ್ದು ಓದುವ ನಮಗೆ ಗೊತ್ತು. ಸ್ವೇದ, ಎಂದರೆ ಬೆವರು, ಎಂಟು ಸಾತ್ತ್ವಿಕ ಭಾವಗಳಲ್ಲಿ (ಒಳಗಿನ ಭಾವ ಮೈಮೇಲೆ ತಾನಾಗಿ ತೋರುವ ಗುರುತುಗಳಲ್ಲಿ) ಒಂದು, ನಟ ಅದನ್ನು ಮೈಯಲ್ಲೇ ತೋರಿಸಬೇಕು. ಬಿ.ಎಂ.ಶ್ರೀ ಈ ಕಾವ್ಯವನ್ನು ನಾಟಕವಾಗಿ ಅಳವಡಿಸಿದ್ದನ್ನು ನೆನೆದರೆ, ರಂಗದ ಕಣ್ಣು ರನ್ನನಲ್ಲಿ ಮೊದಲೇ ಇತ್ತು ಎಂಬುದು ತಿಳಿಯುತ್ತದೆ.

ಇಲ್ಲಿಂದಲೇ ನನ್ನ ಎರಡನೆಯ ಪ್ರಶ್ನೆ. ರನ್ನ ಋಣಿಯಾಗಿರುವ ಭಟ್ಟನಾರಾಯಣನ ವೇಣೀಸಂಹಾರದ 2ನೆಯ ಅಂಕದಲ್ಲಿ ದುರ್ಯೋಧನ ಹೆಂಡತಿ ಭಾನುಮತಿಗೆ, ಕೂರಲು ನನ್ನ ಎರಡು ತೊಡೆ ಸಾಲವೇ ಎನ್ನುತ್ತಾನೆ. ಆ ಮಾತು ಮುಗಿಯುವಷ್ಟರಲ್ಲಿ ಕಂಚುಕಿ (ಅಂತಃಪುರದ ಸೇವಕ) ಓಡಿಬಂದು, “ದೇವ, ಭಗ್ನಂ ಭಗ್ನಂ!” ಮುರಿಯಿತು, ಮುರಿಯಿತು! ಯಾರಿಂದ? “ಭೀಮೇನ.” ಯಾರದು? “ಭವತಃ”, ತಮ್ಮದೇ. ಆಮೇಲೆ ತಿಳಿಯುತ್ತದೆ: ಭೀಮ ಎಂದರೆ ಭಯಂಕರವಾದ ಗಾಳಿ, ಮುರಿದದ್ದು ರಥದ ಬಾವುಟ. ಕಂಚುಕಿಗೆ ತಾನಾಡಿದ್ದರ ಅರಿವಿಲ್ಲ. ನೋಡುವವರಿಗೆ ಮಾತ್ರ ತೊಡೆ ಮುರಿದ ಸಪ್ಪಳ ಮೊದಲೇ ಕೇಳಿಸಿತು. ‘ಭೀಮ’ದಲ್ಲಿ ಶ್ಲೇಷೆ ಇದೆ, ನಿಜ. ಆದರೆ ಶ್ಲೇಷೆ ಎಂದಷ್ಟೇ ಬರೆದರೆ ಕಂಚುಕಿ ಸರಿಯಾದ ಗಳಿಗೆಯಲ್ಲಿ ನುಗ್ಗಿದ್ದಕ್ಕೆ ಲೆಕ್ಕವೇ ಸಿಗುವುದಿಲ್ಲ. ನಾಟ್ಯಶಾಸ್ತ್ರ ಈ ತಂತ್ರಕ್ಕೆ ಕೊಡುವ ಹೆಸರು ಪತಾಕಾಸ್ಥಾನ. (ಮುರಿದ ಬಾವುಟಕ್ಕೂ ಈ ಹೆಸರಿಗೂ ಗಂಟು ಹಾಕಬೇಡಿ ಎಂದು ಮಕ್ಕಳಿಗೆ ಹೇಳಲೇಬೇಕು.)

ಪತಾಕಾಸ್ಥಾನ ಎಂದರೆ ನಮ್ಮ ಕಡೆಯ ಮಕ್ಕಳಿಗೆ ನಾಲಿಗೆ ಹೊರಳುವುದಿಲ್ಲ. ‘ನಾಟಕೀಯ ವ್ಯಂಗ್ಯ’ ಎಂದರೆ ಅಣಕ ಎಂದುಕೊಳ್ಳುತ್ತಾರೆ. ಬಳ್ಳಾರಿ, ಕೊಪ್ಪಳದ ದೊಡ್ಡಾಟದಲ್ಲಿ ಸಾರಥಿ (ಆಟ ನಡೆಸಿಕೊಡುವವ) ಪಾತ್ರಧಾರಿಯ ಮಾತಿಗೆ ಬೇರೆ ಅರ್ಥ ಹಚ್ಚಿ ತಿರುಗಿಸುವುದನ್ನು ಇವರೆಲ್ಲ ನೋಡಿ ಬೆಳೆದವರು. ಅಲ್ಲಿ ಅವನು ಬೇಕೆಂದೇ ತಿರುಗಿಸುತ್ತಾನೆ, ಅದು ವಕ್ರೋಕ್ತಿ. ಬೇಕೆಂದಲ್ಲದೆ ಬಾಯಿಂದ ಬಂದು ಆಟದ ಕೊನೆಯನ್ನೇ ಮೊದಲು ನುಡಿದುಬಿಡುವ ಮಾತಿಗೆ ದೊಡ್ಡಾಟದ ಮಾಸ್ತರರು, ಕಂಪನಿ ನಾಟಕದ ಹಿರಿಯರು ಏನೆನ್ನುತ್ತಾರೆ? ಅಲಂಕಾರಶಾಸ್ತ್ರಕ್ಕೆಂದೇ ಹುಟ್ಟಿದ ಕವಿರಾಜಮಾರ್ಗವೇ ಕನ್ನಡದ ತಿರುಳಿನ ನಾಡನ್ನು ಹೇಳುವಾಗ ‘ವಿದಿತ ಮಹಾಕೊಪಣನಗರ’ ಎಂದು ನಮ್ಮೂರನ್ನು ಎಣಿಸಿದೆ. ಇಲ್ಲಿನ ಬಾಯಲ್ಲಿ ಇದಕ್ಕೊಂದು ಹೆಸರು ಇದ್ದೇ ಇರಬೇಕು ಎಂಬ ಆಸೆ ನನ್ನದು.

ಸಿಂಧನೂರು, ಮಾನ್ವಿ, ಸಿರುಗುಪ್ಪ, ಕುಷ್ಟಗಿ ಕಡೆಯವರು ದಯವಿಟ್ಟು ನಿಮ್ಮೂರ ಆಟದವರನ್ನು ಕೇಳಿ ಬರೆಯಿರಿ. ಪದದ ಜೊತೆಗೆ ಅದನ್ನು ಬಳಸಿದ ಒಂದು ಮಾತನ್ನೂ, ಯಾವ ಪ್ರಸಂಗದ್ದು ಎಂಬುದನ್ನೂ ಕಳಿಸಿದರೆ ಪಾಠಕ್ಕೆ ನೇರ ಬಳಸಬಹುದು. ವಿಭಾವನೆಯ ಬಗ್ಗೆ ಒಪ್ಪದವರು ‘ಉಂ’ ಪ್ರತ್ಯಯವನ್ನು ಹಿಡಿದೇ ವಾದಿಸಬೇಕೆಂದು ಕೋರಿಕೆ.